ಶವಾಸನದಿಂದ ಏಳದವರು

ಕಾರ್ಖಾನೆಯಲ್ಲಿ ಯೋಗ ಶುರುವಾಗುತ್ತದೆ ಎಂದು ಮಾಲೀಕರಾದ ಸೇಠರು ಹೇಳಿದ ದಿನ ನನ್ನ ಪಾಲಿಗೆ ಎರಡು ಕೆಲಸ ಬಂದವು. ಸುಲ್ತಾನ್ ಬಜಾರಿಗೆ ಹೋಗಿ ನಲವತ್ತು ಜಮಖಾನೆ ತರುವುದು ಒಂದು. ದಿನಾ ಬೆಳಿಗ್ಗೆ ಅವುಗಳ ಮೇಲೆ ಕೂತವರ ಹಾಜರಿ ಹಾಕುವುದು ಇನ್ನೊಂದು. ಶಾಂತಿ ಕಲಿಯುವುದಕ್ಕೆ ಹಾಜರಿ ಏಕೆ ಎಂದು ನಾನು ಕೇಳಲಿಲ್ಲ. ಸೇಠರನ್ನು ನಾನು ಏನೂ ಕೇಳುತ್ತಿರಲಿಲ್ಲ. ಕೇಳುವುದು, ಕೂಗುವುದು, ಬೈಯುವುದು ಎಲ್ಲವೂ ನನ್ನ ಕೆಳಗಿನವರಿಗೆ ಮೀಸಲಾಗಿತ್ತು.

ನಾನಾಗ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಹಗಲು ಪಾಳಿಯ ಸೂಪರ್‌ವೈಸರ್. ತಗಡಿನ ಹಾಳೆಯನ್ನು ಪ್ರೆಸ್ ಯಂತ್ರದ ಬಾಯಿಗೆ ಕೊಟ್ಟು ಫ್ಯಾನಿನ ಬಟ್ಟಲುಗಳನ್ನೂ ಮೋಟಾರಿನ ಮುಚ್ಚಳಗಳನ್ನೂ ಒತ್ತಿ ತೆಗೆಯುವ ಕೆಲಸ ಅಲ್ಲಿಯದು. ಮನೆ ನಾರಾಯಣಗೂಡದಲ್ಲಿ. ನಮ್ಮ ತಂದೆ ಬಾಗಲಕೋಟೆ ಕಡೆಯಿಂದ ಸರಕಾರಿ ನೌಕರಿಗೆಂದು ಈ ತೆಲುಗು ಸೀಮೆಯ ಊರಿಗೆ ಬಂದವರು. ನಾನು ಇಲ್ಲೇ ಹುಟ್ಟಿ, ಬೀದಿಯಲ್ಲಿ ತೆಲುಗು, ಕಾರ್ಖಾನೆಯಲ್ಲಿ ಹಿಂದಿ, ಮನೆಯಲ್ಲಿ ಕನ್ನಡ ಎಂದು ಮೂರು ಭಾಷೆಗಳಲ್ಲಿ ಸಿಟ್ಟಾಗುವುದನ್ನು ಕಲಿತಿದ್ದೆ.

ಕಾರ್ಖಾನೆಯವರು ನನಗೆ ಇಟ್ಟಿದ್ದ ಅಡ್ಡಹೆಸರು ಭೋಂಗಾ. ಪಾಳಿ ಬದಲಾಗುವಾಗ ಊದುವ ಸೈರನ್‌ಗೆ ಅಲ್ಲಿ ಹಾಗೆನ್ನುತ್ತಿದ್ದರು. ನಾನು ಶೆಡ್ಡಿನ ಬಾಗಿಲಲ್ಲಿ ಕಂಡರೆ ಸಾಕು, "ಭೋಂಗಾ ಬಂತು" ಎಂಬ ಪಿಸುಮಾತು ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಓಡುತ್ತಿತ್ತು. ಮನೆಯಲ್ಲೂ ನನ್ನ ಬೆಲೆ ಅದಕ್ಕಿಂತ ಹೆಚ್ಚಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ದೂಡಿ ಏಳುತ್ತಿದ್ದೆ. ನನ್ನ ಹೆಂಡತಿ ನನ್ನ ಜೊತೆ ಜಗಳವಾಡುವುದನ್ನೂ ಬಿಟ್ಟಿದ್ದಳು. ಊಟಕ್ಕೆ ಬಡಿಸಲೇ, ಬೀಗದ ಕೈ ಎಲ್ಲಿ, ನೀರು ಬಂತೇ, ಇಷ್ಟರಲ್ಲೇ ನಮ್ಮ ಸಂಸಾರ ನಡೆಯುತ್ತಿತ್ತು. ಡಾಕ್ಟರರು ರಕ್ತದೊತ್ತಡಕ್ಕೆ ಗುಳಿಗೆ ಬರೆದುಕೊಟ್ಟಾಗ ಆ ಡಾಕ್ಟರರ ಮೇಲೂ ರೇಗಿ ಬಂದಿದ್ದೆ.

ಯೋಗ ಬಂದದ್ದು ಹೀಗೆ. ಆ ವರ್ಷ ಕಾರ್ಖಾನೆಯಲ್ಲಿ ಮೂರು ಸಲ ಗಲಾಟೆಯಾಗಿತ್ತು. ಸೇಠರ ಹೆಂಡತಿ ಯಾವುದೋ ಶಿಬಿರಕ್ಕೆ ಹೋಗಿ ಬಂದವರು, ಯೋಗ ಮಾಡಿದರೆ ಎಂಥವನೂ ತಣ್ಣಗಾಗುತ್ತಾನೆ ಎಂದರಂತೆ. ಸೇಠರಿಗೆ ಉಪಾಯ ಹಿಡಿಸಿತು. ಎಂಟಕ್ಕೆ ಪಾಳಿ ಶುರು. ಏಳೂವರೆಗೇ ಎಲ್ಲರೂ ಬಂದು ಯೋಗ ಮಾಡಬೇಕು. ಆ ಅರ್ಧ ಗಂಟೆ ಪಾಳಿಯಲ್ಲಿ ಸೇರುವುದಿಲ್ಲ. ಬರದವರಿಗೆ ಅರ್ಧ ದಿನದ ಗೈರುಹಾಜರಿ. ನಾನು ಈ ನೋಟೀಸನ್ನು ಓದಿ ಹೇಳಿದಾಗ ಯಾರೂ ಕೂಗಾಡಲಿಲ್ಲ. ಒಬ್ಬ ಮಾತ್ರ ನೆಲಕ್ಕೆ ಉಗಿದ.

ಅವನು ಬೀದರ ಜಿಲ್ಲೆಯವನು, ನನ್ನದೇ ವಯಸ್ಸಿನವನು, ದೊಡ್ಡ ಪ್ರೆಸ್ಸಿನ ಆಪರೇಟರ್. ಇಡೀ ಶೆಡ್ಡಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಅವನು ಹೊಸದಾಗಿ ಸೇರಿದಾಗ ನನಗೆ ಅದರಿಂದ ಖುಷಿಯೇ ಆಗಿತ್ತು. ಮಧ್ಯಾಹ್ನ ತನ್ನ ಬುತ್ತಿಯ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದ. ಆಮೇಲೆ ಅವನ ಕೈಯ ಬೆರಳು ಹೋಯಿತು.

ಅದನ್ನು ಸರಿಯಾಗಿ ಹೇಳಬೇಕು. ಆ ಪ್ರೆಸ್ಸಿಗೆ ಎರಡು ಗುಂಡಿಗಳಿದ್ದವು, ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಮ್ಮೆಗೇ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬರುತ್ತದೆ. ಎರಡೂ ಕೈ ಗುಂಡಿಗಳ ಮೇಲಿದ್ದಾಗ ಯಾವ ಕೈಯೂ ಅಚ್ಚಿನ ಕೆಳಗೆ ಇರುವುದಿಲ್ಲ. ಅದಕ್ಕೇ ಆ ಏರ್ಪಾಟು. ಆದರೆ ಹಾಗೆ ಮಾಡುತ್ತ ಕೂತರೆ ದಿನದ ಗುರಿ ಮುಟ್ಟುವುದಿಲ್ಲ. ಆದ್ದರಿಂದ ಆಪರೇಟರುಗಳು ಒಂದು ಗುಂಡಿಗೆ ಕಟ್ಟಿಗೆ ಚೂರು ಸಿಕ್ಕಿಸಿ ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡುತ್ತಿದ್ದರು. ಬಲಗೈ ಗುಂಡಿಗೆ, ಎಡಗೈ ತಗಡಿಗೆ. ಕೆಲಸ ಓಡುತ್ತಿತ್ತು. ನನಗೆ ಅದು ಗೊತ್ತಿತ್ತು, ದಿನಾ ಕಾಣುತ್ತಿತ್ತು. ಗುರಿ ಏರಿಸಿದವನು ನಾನು, ಚೂರು ಕಂಡಾಗ ಮುಖ ತಿರುಗಿಸಿದವನೂ ನಾನೇ.

ಯೋಗ ಶುರುವಾಗುವುದಕ್ಕೆ ಎರಡು ವರ್ಷ ಮೊದಲು, ಒಂದು ಮಧ್ಯಾಹ್ನ, ಅವನ ಎಡಗೈಯ ತೋರುಬೆರಳು ಅಚ್ಚಿನ ಕೆಳಗೆ ಸಿಕ್ಕಿತು. ಬುಡದವರೆಗೆ ಹೋಯಿತು. ಅವನನ್ನು ಆಸ್ಪತ್ರೆಗೆ ಸೇರಿಸಿ ಬಂದು, ಶರ್ಟಿನ ತೋಳಿನ ರಕ್ತ ತೊಳೆದುಕೊಂಡು, ನಾನು ವರದಿ ಬರೆದೆ. ಕೆಲಸಗಾರ ಯಾರಿಗೂ ತಿಳಿಸದೆ ಗುಂಡಿಗೆ ಚೂರು ಸಿಕ್ಕಿಸಿದ್ದ. ಅವನ ಗಮನ ಕೆಲಸದ ಮೇಲೆ ಇರಲಿಲ್ಲ. ಈ ಎರಡು ಸಾಲಿನಿಂದ ನನ್ನ ನೌಕರಿ ಉಳಿಯಿತು. ಅವನಿಗೆ ಸಿಗಬೇಕಾಗಿದ್ದ ಪರಿಹಾರ ತಪ್ಪಿತು.

ಎರಡು ತಿಂಗಳ ಮೇಲೆ ಅವನು ಅದೇ ಪ್ರೆಸ್ಸಿಗೆ ವಾಪಸು ಬಂದ. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅಂದಿನಿಂದ ನನ್ನೊಡನೆ ಹಿಂದಿಯಲ್ಲಿ ಮಾತಾಡತೊಡಗಿದ. ಕನ್ನಡವನ್ನು ನನ್ನನ್ನು ಶಪಿಸುವುದಕ್ಕೆಂದೇ ಇಟ್ಟುಕೊಂಡ. ನಾನು ಹಾದು ಹೋಗುವಾಗ ತಗಡಿನಿಂದ ಕಣ್ಣೆತ್ತದೆ, ದೇವರನಾಮ ಗುನುಗುವ ದನಿಯಲ್ಲಿ, "ನಿನ್ನ ಮನಿ ಹಾಳಾಗ್ಲಿ, ನಿನ್ನ ಕೈಯಾಗಿನ ತುತ್ತು ಮಣ್ಣಾಗ್ಲಿ" ಎನ್ನುತ್ತಿದ್ದ. ಸುತ್ತ ಇದ್ದವರಿಗೆ ಅದು ಮಂತ್ರವೋ ಹಾಡೋ ತಿಳಿಯುತ್ತಿರಲಿಲ್ಲ. ನಾನು ಯಾರ ಮುಂದೆ ದೂರಲಿ?

ಯೋಗ ಕಲಿಸಲು ಬಂದವರು ನಾರಾಯಣಗೂಡದ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತರಾದವರು. ತೆಲುಗಿನವರು, ತೆಳ್ಳಗೆ, ಕಡ್ಡಿಯ ಹಾಗೆ ನೆಟ್ಟಗೆ ಇದ್ದರು. ಪ್ಯಾಕಿಂಗ್ ಶೆಡ್ಡನ್ನು ಖಾಲಿ ಮಾಡಿ ಜಮಖಾನೆ ಹಾಸಿದ್ದೆವು. ಎಲ್ಲರೂ ಕೂತ ಮೇಲೆ ಮಾಸ್ತರರು ತಮ್ಮ ತೆಲುಗು ಬೆರೆತ ಹಿಂದಿಯಲ್ಲಿ ಶುರು ಮಾಡಿದರು. ಕಣ್ಣು ಮುಚ್ಚಿ. ಬೆನ್ನು ನೆಟ್ಟಗಿರಲಿ. ಕೈಗಳು ಮೊಣಕಾಲ ಮೇಲೆ. ಹೆಬ್ಬೆರಳಿಗೆ ತೋರುಬೆರಳ ತುದಿ ಮುಟ್ಟಿಸಿ. ಆದದ್ದನ್ನು ಬಿಡಿ, ಆಗುವುದನ್ನು ಬಿಡಿ. ಈ ಕ್ಷಣದಲ್ಲಿ ಇರಿ.

"ಮಾಸ್ತರ್," ಎಂದು ಮೂರನೆಯ ಸಾಲಿನಿಂದ ದನಿ ಬಂತು. ಬೀದರಿನವನು ಎಡಗೈ ಎತ್ತಿ ಹಿಡಿದಿದ್ದ. ಹಿಂದಿಯಲ್ಲಿ ಕೇಳಿದ: "ಈ ಕೈಗೆ ಆ ಬೆರಳಿಲ್ಲ. ಯಾವುದನ್ನು ಮುಟ್ಟಿಸಲಿ?"

ಯಾರೋ ಕಿಸಕ್ಕೆಂದರು. ಮಾಸ್ತರರು ಉತ್ತರ ಹುಡುಕುತ್ತಿರುವಾಗ ಅವನು ನನ್ನ ಕಡೆ ತಿರುಗಿದ. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಕನ್ನಡದಲ್ಲಿ ಮಾತಾಡಿದ.

"ಸಾಹೇಬ್ರ, ನೀವ ಹೇಳ್ರಿ. ನನ್ನ ಗಮನ ಎಲ್ಲಿತ್ತಂತ ನಿಮಗ ಗೊತ್ತದಲ್ಲ, ಕಾಗದದಾಗ ಬರದೀರಿ. ಈ ಕ್ಷಣದಾಗ ಇರ್ರಿ ಅಂತಾರ ಇವ್ರು. ದಿನಕ್ಕ ಎರಡು ಸಾವಿರ ಸಲ ನಾ ಒಳಗ ಕೈ ಇಟ್ಟು ಹೊರಗ ತಗೀತೀನಿ. ಒಂದ ಒಂದು ಸಲ ಬ್ಯಾರೆ ಕ್ಷಣಕ್ಕ ಹೋದ್ರ ಕೈ ಇರಂಗಿಲ್ಲ. ನನಗೇನ್ ಕಲಿಸ್ತಾರ್ರೀ ಇವ್ರು? ನಿಮಗ ಕಲಿಸ್ಲಿ."

"ಏನಂತಾನೆ?" ಎಂದು ಮಾಸ್ತರರು ನನ್ನನ್ನು ಕೇಳಿದರು.

"ಕಾಲು ನೋಯುತ್ತದಂತೆ," ಎಂದೆ.

ಬೀದರಿನವನು ಜೋರಾಗಿ ನಕ್ಕ. ನಕ್ಕು, ತಾನು ಹೇಳಿದ್ದನ್ನೆಲ್ಲ ಹಿಂದಿಯಲ್ಲಿ, ಒಂದು ಮಾತೂ ಬಿಡದೆ, ಇಡೀ ಶೆಡ್ಡಿಗೆ ಕೇಳುವಂತೆ ಮತ್ತೆ ಹೇಳಿದ. "ಭೋಂಗಾ ಅದನ್ನು ಕಾಲುನೋವು ಅಂದ" ಎಂದು ಕೊನೆಗೆ ಸೇರಿಸಿದ. ಹಾಜರಿ ಪುಸ್ತಕ ತೆಗೆದು ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ "ಅಶಿಸ್ತು" ಎಂದು ಬರೆದೆ. ನನ್ನ ಯೋಗಾಭ್ಯಾಸದ ಮೊದಲ ದಿನ ಅದು.

ಮಾಸ್ತರರು ಅವತ್ತು ಮನೆಗೆ ಹೋಗಲಿಲ್ಲ. ಪ್ರೆಸ್ ನೋಡಬೇಕು ಎಂದರು. ಬೀದರಿನವನಿಂದ ಮಾರು ದೂರ ನಿಂತು ಒಂದು ಗಂಟೆ ನೋಡಿದರು. ಕೈ ಒಳಗೆ, ಕೈ ಹೊರಗೆ, ದಡ್. ಕೈ ಒಳಗೆ, ಕೈ ಹೊರಗೆ, ದಡ್. ಪ್ರತಿ ಸಲ ಅಚ್ಚು ಇಳಿದಾಗ ಅವರ ಹೆಗಲು ಅದುರುತ್ತಿತ್ತು. ಹೊರಗೆ ಬಂದು ನನ್ನನ್ನು ಕೇಳಿದರು, "ಆ ಗುಂಡಿಯ ಸಂದಿಯಲ್ಲಿ ಕಟ್ಟಿಗೆ ಚೂರು ಇದೆಯಲ್ಲ, ಅದೇನು?"

ಹೌದು, ಚೂರು ವಾಪಸು ಬಂದಿತ್ತು. ಅವನ ಬೆರಳು ಹೋದ ಮೇಲೆ ಒಂದು ತಿಂಗಳು ಯಾರೂ ಸಿಕ್ಕಿಸಲಿಲ್ಲ. ಆಮೇಲೆ ನಾನು ಗುರಿಯ ಬಗ್ಗೆ ಕೂಗಾಡಿದೆ. ಅದು ತಾನಾಗಿ ವಾಪಸು ಬಂತು.

"ನೀವು ಉಸಿರು ಕಲಿಸಲು ಬಂದಿದ್ದೀರಿ, ಅದನ್ನು ಕಲಿಸಿ," ಎಂದೆ. "ಯಂತ್ರದ ಗೊಡವೆ ನಿಮಗೆ ಬೇಡ."

ಮಾಸ್ತರರು ಚಪ್ಪಲಿ ಮೆಟ್ಟಿ ಹೊರಟುಹೋದರು. ಮರುದಿನದಿಂದ ಅವರು ಕ್ಷಣದ ಮಾತು ಬಿಟ್ಟರು. ಹೆಗಲು ಸಡಿಲ ಮಾಡುವುದು, ಸೊಂಟ ಹಿಗ್ಗಿಸುವುದು, ನಿಂತು ನಿಂತು ಊದಿದ ಕಾಲುಗಳನ್ನು ಗೋಡೆಗೆ ಆನಿಸಿ ಎತ್ತುವುದು, ಇಂಥವನ್ನು ಕಲಿಸತೊಡಗಿದರು. ಕೊನೆಗೆ ಶವಾಸನ. ಅಂಗಾತ ಮಲಗಿ, ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ನೆಲಕ್ಕೆ ಒಪ್ಪಿಸಿ, ಉಸಿರು ಬಂದು ಹೋಗುವುದನ್ನು ಸುಮ್ಮನೆ ಗಮನಿಸುವುದು. ದಿನ ಕಳೆದಂತೆ ಅದೊಂದನ್ನು ಮಾತ್ರ ಕೆಲಸಗಾರರು ಒಪ್ಪಿಕೊಂಡರು. ಐದು ನಿಮಿಷ ಇದ್ದದ್ದು ಹತ್ತಾಯಿತು. ಕೆಲವರು ಗೊರಕೆ ಹೊಡೆಯುತ್ತಿದ್ದರು. ಬೀದರಿನವನು ಹೊಡೆಯುತ್ತಿರಲಿಲ್ಲ. ಅವನು ಎಚ್ಚರವಾಗಿಯೇ ಮಲಗಿರುತ್ತಿದ್ದ.

ನಾನು ಮೊದಲು ಪುಸ್ತಕ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮಾಸ್ತರರು ಬಿಡಲಿಲ್ಲ. "ನಿಂತವನ ಕಾವಲಿನಲ್ಲಿ ಯಾರಿಗೂ ಮೈ ಸಡಿಲವಾಗುವುದಿಲ್ಲ. ಕೂತುಕೊಳ್ಳಿ, ಇಲ್ಲವೇ ಹೊರಗೆ ಹೋಗಿ," ಎಂದರು. ಹೊರಗೆ ಹೋದರೆ ಸೇಠರು ಕೇಳುತ್ತಾರೆ. ಹಲ್ಲು ಕಚ್ಚಿಕೊಂಡು ಕೂತೆ. ಮೂರು ವಾರ ನನ್ನ ಉಸಿರಿನ ಜೊತೆಗೂ ನನಗೆ ಜಗಳವೇ. ಎಳೆದುಕೊಂಡರೆ ಎದೆಯ ಅರ್ಧಕ್ಕೆ ನಿಲ್ಲುತ್ತಿತ್ತು. ಕಣ್ಣು ಮುಚ್ಚಿದರೆ ಬೈಯಬೇಕಾದವರ ಮುಖಗಳು ಸಾಲಾಗಿ ಬರುತ್ತಿದ್ದವು.

ಒಂದು ಬೆಳಿಗ್ಗೆ, ಏಕೆಂದು ಇವತ್ತಿಗೂ ತಿಳಿಯದು, ಯಾರ ಮುಖವೂ ಬರಲಿಲ್ಲ. ಗಾಳಿ ಮೂಗಿನ ಹೊಳ್ಳೆಗೆ ತಣ್ಣಗೆ ತಾಗಿ ಬೆಚ್ಚಗೆ ಹೊರಗೆ ಹೋಯಿತು. ಶೆಡ್ಡಿನ ತಗಡಿನ ಮೇಲೆ ಪಾರಿವಾಳಗಳು ಕಾಲು ಕೆರೆಯುವುದು ಕೇಳಿಸಿತು. ಹತ್ತು ಉಸಿರು, ಹೆಚ್ಚೆಂದರೆ ಹದಿನೈದು. ಅಷ್ಟು ಹೊತ್ತು ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅದು ಮುಗಿದ ಮೇಲೆ ನನಗಾದದ್ದು ಗಾಬರಿ. ಹಾಗಾದರೆ ಉಳಿದ ಹೊತ್ತೆಲ್ಲ, ಊಟ ಮಾಡುವಾಗ, ಸ್ಕೂಟರ್ ಓಡಿಸುವಾಗ, ನಿದ್ದೆಯಲ್ಲಿ ಕೂಡ, ನಾನು ಸಿಟ್ಟಿನಲ್ಲೇ ಇದ್ದೆನೇ?

ಭಾನುವಾರ ಮನೆಯಲ್ಲೂ ಮಾಡಿ ನೋಡಿದೆ. ಎರಡೇ ಕೋಣೆಯ ಮನೆ. ಅಡಿಗೆಮನೆಯ ಮುಂದೆ ಓಡಾಡುವ ಜಾಗದಲ್ಲಿ ಚಾಪೆ ಹಾಸಿ ಅಂಗಾತ ಮಲಗಿದೆ. ಹೆಂಡತಿ ಕೊಡ ಹಿಡಿದು ಬಂದವಳು ನಿಂತಳು.

"ಏನ್ರೀ ಇದು? ಹಾದ್ಯಾಗ ಹಿಂಗ ಬಿದ್ದೀರಿ? ಎದಿಗಿದಿ ನೋಯಾಕತ್ತೈತೇನು?"

"ಶವಾಸನ."

"ಹೆಸರರ ಛಲೋ ಇಟ್ಟಾರ," ಎಂದಳು. ಕೊಡ ಎತ್ತಿಕೊಂಡು ನನ್ನನ್ನು ದಾಟಿ ಹೋದಳು. ಮೂರನೆಯ ಭಾನುವಾರ ದಾಟಲಿಲ್ಲ. ಗೋಡೆಗುಂಟ ಸುತ್ತಿ ಹೋದಳು. ಅಷ್ಟರಲ್ಲಿ ನಾನು ತಟ್ಟೆ ದೂಡುವುದನ್ನು ಬಿಟ್ಟು ಹದಿನೈದು ದಿನವಾಗಿತ್ತು. ಅವಳು ಅದರ ಬಗ್ಗೆ ಏನೂ ಹೇಳಲಿಲ್ಲ. ಹೇಳಿದರೆ ಎಲ್ಲಿ ಮತ್ತೆ ಶುರುವಾಗುತ್ತದೋ ಎಂಬ ಭಯವಿತ್ತೆಂದು ಕಾಣುತ್ತದೆ.

ನಾನು ಬದಲಾದೆ ಎಂದುಕೊಂಡೆ. ನನ್ನಷ್ಟು ಬೇಗ ಶಾಂತಿ ಸಿಕ್ಕವನು ಈ ಊರಲ್ಲಿ ಇಲ್ಲ ಎಂಬ ಹೆಮ್ಮೆಯೂ ಬಂತು. ಶೆಡ್ಡಿನಲ್ಲಿ ದನಿ ಇಳಿಸಿ ಮಾತಾಡತೊಡಗಿದೆ. ಆದರೆ ಗುರಿ ಇಳಿಸಲಿಲ್ಲ. ಚೂರುಗಳು ಎಲ್ಲಿದ್ದವೋ ಅಲ್ಲೇ ಇದ್ದವು.

ಯೋಗದ ಅರ್ಧ ಗಂಟೆಯನ್ನು ಪಾಳಿಗೆ ಸೇರಿಸಬೇಕೆಂದು ಕೆಲಸಗಾರರು ಎರಡು ಸಲ ಅರ್ಜಿ ಕೊಟ್ಟರು. ದೂರದಿಂದ ಬರುವವರು ನಸುಕಿಗೇ ಮನೆ ಬಿಡಬೇಕಾಗುತ್ತಿತ್ತು. ಸೇಠರು ಮೊದಲ ಅರ್ಜಿಯನ್ನು ಓದಲಿಲ್ಲ. ಎರಡನೆಯದನ್ನು ಓದಿ, "ನಾನು ಅವರ ಆರೋಗ್ಯಕ್ಕೆ ಮಾಡಿದರೆ ನನಗೇ ಬುದ್ಧಿ ಹೇಳುತ್ತಾರಾ?" ಎಂದು ನನ್ನ ಕೈಗೆ ಕೊಟ್ಟರು. ಆಗುವುದಿಲ್ಲ ಎಂದು ನಾನೇ ಹೋಗಿ ಹೇಳಿದೆ, ಹೊಸದಾಗಿ ಕಲಿತ ಮೆಲುದನಿಯಲ್ಲಿ. ಬೀದರಿನವನು ನನ್ನ ಪೂರ್ತಿ ಮಾತು ಕೇಳಿ, "ಭೋಂಗಾ ಮೆತ್ತಗ ಊದಿದ್ರೂ ಭೋಂಗಾನ" ಎಂದ. ಕನ್ನಡದಲ್ಲಿ, ನನಗೊಬ್ಬನಿಗೇ.

ಅದಾಗಿ ಮೂರನೆಯ ದಿನ. ಎಲ್ಲರೂ ಬಂದಿದ್ದರು, ಒಬ್ಬರೂ ತಪ್ಪದೆ. ಆಸನಗಳನ್ನು ಎಂದಿಗಿಂತ ಚೆನ್ನಾಗಿ ಮಾಡಿದರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಕೊನೆಗೆ ಮಲಗಿದರು. ಎಂಟು ಗಂಟೆಗೆ ಸೈರನ್ ಊದಿತು. ಮಾಸ್ತರರು, "ನಿಧಾನವಾಗಿ ಬಲಕ್ಕೆ ಹೊರಳಿ ಏಳಿ," ಎಂದರು. ಒಬ್ಬರೂ ಹೊರಳಲಿಲ್ಲ. ಮತ್ತೆ ಹೇಳಿದರು. ನಲವತ್ತು ಜನ ಕಣ್ಣು ಮುಚ್ಚಿ, ಅಂಗೈ ಮೇಲೆ ಮಾಡಿ, ಸತ್ತವರ ಹಾಗೆ ಮಲಗಿದ್ದರು.

"ಏಳ್ರಿ, ಎಂಟಾಯಿತು!" ಎಂದು ನಾನು ಕೂಗಿದೆ.

ಎಲ್ಲಿಂದಲೋ ಒಂದು ದನಿ ಹಿಂದಿಯಲ್ಲಿ ಹೇಳಿತು, "ಶಾಂತಿ ಈಗಷ್ಟೇ ಬಂದಿದೆ ಸಾಬ್, ಎಬ್ಬಿಸಬೇಡಿ."

ಎಂಟೂಕಾಲಿಗೆ ಸೇಠರು ಬಂದರು. ಅವರ ಮುಖ ಕೆಂಪಗಾಗಿತ್ತು. ಮಾಸ್ತರರಿಗೆ, "ಎಬ್ಬಿಸಿ ಇವರನ್ನು, ನೀವೇ ಮಲಗಿಸಿದ್ದು!" ಎಂದರು. ಮಾಸ್ತರರು ಕೈ ಕಟ್ಟಿ ಗೋಡೆಯ ಬಳಿ ನಿಂತಿದ್ದರು. "ಮಲಗಿಸುವುದಷ್ಟೇ ನನ್ನ ವಿದ್ಯೆ ಸೇಠ್‌ಜಿ. ಏಳುವುದು ಅವರಿಗೆ ಬಿಟ್ಟದ್ದು," ಎಂದರು. ಸೇಠರು ನನ್ನ ಕಡೆ ತಿರುಗಿದರು. ಆ ನೋಟ ಸಾಕಾಯಿತು.

ನಾನು ಸಾಲುಗಳ ನಡುವೆ ನುಗ್ಗಿದೆ. ಮೂರು ಭಾಷೆಯಲ್ಲೂ ಬಾಯಿಗೆ ಬಂದದ್ದನ್ನು ಬೈದೆ. ಜಮಖಾನೆಯ ತುದಿ ಹಿಡಿದು ಎಳೆದೆ. ಮೂರನೆಯ ಸಾಲಿಗೆ ಬಂದಾಗ ಬೀದರಿನವನು ಮಲಗಿದ್ದುದು ಕಂಡಿತು. ಅವನ ಮುಖದಲ್ಲಿ ನಗುವಿರಲಿಲ್ಲ, ಏನೂ ಇರಲಿಲ್ಲ. ನನ್ನ ಕಾಲು ಅವನ ಹೆಗಲಿಗೆ ತಾಕಿತು. ತಾಕಿತು ಎಂದು ಬರೆಯುವುದು ಸುಳ್ಳು. ಒದ್ದೆ.

ಪಕ್ಕದವರು ಕಣ್ಣು ತೆರೆದರು. ಅವರು ಎದ್ದಿದ್ದರೆ ನಾನು ಇವತ್ತು ಇದನ್ನು ಬರೆಯಲು ಇರುತ್ತಿರಲಿಲ್ಲ. ಅವನು ಎಡಗೈಯನ್ನು ನೆಲದಿಂದ ಒಂದು ಗೇಣು ಎತ್ತಿದ, ಸುಮ್ಮನಿರಿ ಎಂಬಂತೆ. ಕಣ್ಣು ತೆರೆದು ನನ್ನನ್ನು ನೋಡಿದ. ಮತ್ತೆ ಮುಚ್ಚಿದ. ಅವನ ಹೊಟ್ಟೆ ಒಂದೇ ಸಮನೆ ಏರುತ್ತಿತ್ತು, ಇಳಿಯುತ್ತಿತ್ತು.

ಒಂಬತ್ತೂವರೆಗೆ ಸೇಠರು ಯೋಗ ಬಂದ್ ಎಂದು ಸಾರಿದರು. ಆಗ ಬೀದರಿನವನು ಬಲಕ್ಕೆ ಹೊರಳಿದ, ನಿಧಾನವಾಗಿ ಎದ್ದು ಕೂತ. ಅವನ ಹಿಂದೆ ಎಲ್ಲರೂ ಎದ್ದರು. ಜಮಖಾನೆ ಮಡಚಿಟ್ಟು ಯಂತ್ರಗಳ ಕಡೆ ನಡೆದರು. ಮಾಸ್ತರರಿಗೆ ಅವತ್ತೇ ಲೆಕ್ಕ ಚುಕ್ತಾ ಮಾಡಿ ಕಳಿಸಿದರು.

ಎರಡು ದಿನ ನಾನು ಶೆಡ್ಡಿನಲ್ಲಿ ಯಾರ ಕಣ್ಣನ್ನೂ ನೋಡಲಿಲ್ಲ. ಮೂರನೆಯ ದಿನ ಊಟದ ಬಿಡುವಿನಲ್ಲಿ ಅವನು ನಲ್ಲಿಯ ಬಳಿ ಕೈ ತೊಳೆಯುತ್ತಿದ್ದಾಗ ಹೋದೆ.

"ಅವತ್ತು ಕಾಲು ಹತ್ತಿತು. ತಪ್ಪಾತು," ಎಂದೆ.

ಅವನು ನಲ್ಲಿ ನಿಲ್ಲಿಸಲಿಲ್ಲ. ಬೆರಳುಗಳ ಸಂದಿಯ ಎಣ್ಣೆಯನ್ನು ಉಜ್ಜುತ್ತಲೇ ಇದ್ದ.

"ಕಾಲಿಂದು ಕ್ಷಮಾ ಕೇಳ್ಲಾಕ ಬಂದೀರಿ," ಎಂದ. "ಕೈಯಿಂದು ಯಾರು ಕೇಳ್ತಾರ್ರೀ?"

ಅವನು ನಲ್ಲಿ ನಿಲ್ಲಿಸಿ ಕೈ ಕೊಡವಿದ.

"ನಿಮ್ಮ ಕ್ಷಮಾ ನನಗ ಬ್ಯಾಡ. ಮನಿಗಿ ಒಯ್ದು ಏನ್ ಮಾಡ್ಲಿ ಅದನ್ನ? ನಡೀರಿ, ಹಾದಿ ಬಿಡ್ರಿ."

ಕಾರ್ಖಾನೆಯಲ್ಲಿ ಯೋಗ ನಿಂತರೂ ನಾನು ಮನೆಯಲ್ಲಿ ಬಿಡಲಿಲ್ಲ. ಆ ಹದಿನೈದು ಉಸಿರು ಮತ್ತೆ ಬೇಕಿತ್ತು. ಬರಲಿಲ್ಲ. ಚಾಪೆಯ ಮೇಲೆ ಕಣ್ಣು ಮುಚ್ಚಿದರೆ ಕಟ್ಟಿಗೆಯ ಚೂರು ಕಾಣುತ್ತಿತ್ತು, ನನ್ನ ಅಕ್ಷರದ ಎರಡು ಸಾಲು ಕಾಣುತ್ತಿದ್ದವು. ಈ ಕ್ಷಣದಲ್ಲಿ ಇರುವುದೆಂದರೆ ಹಾಯಾಗಿರುವುದು ಎಂದು ತಿಳಿದಿದ್ದೆ. ಸಿಟ್ಟು ಇದ್ದಾಗ ಇವೆಲ್ಲ ಅದರ ಹೊಗೆಯಲ್ಲಿ ಮುಚ್ಚಿಹೋಗುತ್ತಿದ್ದವು; ಹೊಗೆ ಸರಿದ ಮೇಲೆ ಉಳಿದದ್ದು ಇದು. ಹಳೆಯ ಸಿಟ್ಟೇ ವಾಸಿ ಎನಿಸಿದ ದಿನಗಳೂ ಇದ್ದವು. ಮಾಸ್ತರರ ಮೇಲೆ ಹಲ್ಲು ಕಡಿದೆ. ಅವರು ಯಾರನ್ನೂ ತಣ್ಣಗೆ ಮಾಡಿರಲಿಲ್ಲ. ನನ್ನ ಬಾಗಿಲ ಅಗುಳಿ ತೆಗೆದು ಹೊರಟುಹೋಗಿದ್ದರು.

ಯೋಗ ನಿಂತ ಹನ್ನೊಂದನೆಯ ದಿನ ಬೆಳಿಗ್ಗೆ ಎದ್ದು ಕೂತು ಇನ್ನೊಂದು ವರದಿ ಬರೆದೆ. ಗುಂಡಿಗಳಿಗೆ ಚೂರು ಸಿಕ್ಕಿಸುವುದು ನನಗೆ ತಿಂಗಳುಗಟ್ಟಲೆ ಗೊತ್ತಿತ್ತು, ಗುರಿಯ ಒತ್ತಡದಿಂದ ಅದನ್ನು ನಡೆಯಗೊಟ್ಟವನು ನಾನು, ಆ ಕೆಲಸಗಾರನ ಗಮನದ ಬಗ್ಗೆ ನಾನು ಬರೆದದ್ದು ಸುಳ್ಳು, ಚೂರುಗಳು ಇಂದಿಗೂ ಇವೆ. ಹೆಂಡತಿ ಚಹಾ ಇಟ್ಟು ನಿಂತಳು. ಏನು ಬರೆಯುತ್ತಿದ್ದೀರಿ ಎಂದು ಕೇಳಿದಳು. ಹೇಳಿದೆ. ಮೊದಲಿನಿಂದ, ಒಂದೂ ಬಿಡದೆ. ಬೆರಳಿನ ಸಂಗತಿಯನ್ನು ನಾನು ಅವಳಿಗೂ ಅವನದೇ ತಪ್ಪೆಂದು ಹೇಳಿದ್ದೆ.

ಅವಳು ಆ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು.

"ಇದನ್ನ ಎರಡು ವರ್ಷದ ಹಿಂದ ಬರೀಬೇಕಾಗಿತ್ತು," ಎಂದಳು. "ಅವನ ಹೇಣ್ತಿ ಆವಾಗ ನಮ್ಮ ಬಾಗಲಾ ಬಡದಿದ್ದಳು. ಸಾಹೇಬ್ರಿಗೆ ಹೇಳ್ರೀ ಅಕ್ಕಾರ ಅಂತ ಕೈ ಮುಗದಳು. ನಿಮ್ಮ ಮಾತು ನಂಬಿ ನಾ ಬಾಗಲಾ ಹಾಕ್ಕೊಂಡೆ." ಚಹಾದ ಕಪ್ಪನ್ನು ನನ್ನಿಂದ ದೂರ ಸರಿಸಿ ಒಳಗೆ ಹೋದಳು. ಆಮೇಲೆ ಒಂದು ತಿಂಗಳು ಊಟ, ಬೀಗ, ನೀರಿನ ಮಾತೂ ನಿಂತುಹೋಯಿತು. ಅದು ನನಗೆ ಸಲ್ಲಬೇಕಾದದ್ದೇ.

ಸೇಠರು ವರದಿ ಓದಿ, "ತಲೆ ಕೆಟ್ಟಿದೆಯಾ ನಿನಗೆ?" ಎಂದು ಅದನ್ನು ಎರಡು ತುಂಡು ಮಾಡಿದರು. ಇನ್ನೊಂದು ಪ್ರತಿಯನ್ನು ಕಾರ್ಖಾನೆ ತಪಾಸಣೆಯ ಕಚೇರಿಗೆ ರಿಜಿಸ್ಟರ್ ಪೋಸ್ಟ್ ಮಾಡಿ ಬಂದಿದ್ದೇನೆ ಎಂದೆ. ನನ್ನನ್ನು ಅಂದೇ ಸ್ಟೋರಿಗೆ ಹಾಕಿದರು: ನಟ್ಟು, ಬೋಲ್ಟು, ಗ್ರೀಸಿನ ಡಬ್ಬಗಳ ಕತ್ತಲೆ ಕೋಣೆ. ಕೆಲಸದಿಂದ ತೆಗೆಯಲಿಲ್ಲ, ತೆಗೆದರೆ ವರದಿ ನಿಜವೆಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಅವರ ವಕೀಲರು ಹೇಳಿದ್ದರಂತೆ.

ಅಧಿಕಾರಿಗಳು ಬಂದರು. ಚೂರುಗಳು ಸಿಕ್ಕವು. ಪ್ರೆಸ್ಸುಗಳ ಬಾಯಿಗೆ ಕಬ್ಬಿಣದ ಜಾಲರಿ ಬಂತು, ಗುರಿ ತಾನಾಗಿ ಇಳಿಯಿತು. ಪರಿಹಾರಕ್ಕೆ ಬೀದರಿನವನು ಕೊಟ್ಟಿದ್ದ ಹಳೆಯ ಅರ್ಜಿಯನ್ನು ಮತ್ತೆ ತೆಗೆದರು. ವಿಚಾರಣೆಯ ದಿನ ನಾನು ಹೇಳಿಕೆ ಕೊಟ್ಟ ಮೇಲೆ ಅಧಿಕಾರಿ ಅವನನ್ನು ಕೇಳಿದರು, ಇವರು ಹೇಳಿದ್ದು ಸರಿಯೇ ಎಂದು. ಅವನು ಹಿಂದಿಯಲ್ಲಿ, "ಸರಿ. ತಡವಾಗಿದೆ, ಆದರೆ ಸರಿ," ಎಂದ. ನನ್ನ ಕಡೆ ನೋಡಲಿಲ್ಲ. ಅವನಿಗೆ ಸಲ್ಲಬೇಕಾದದ್ದು ಸಲ್ಲಲು ಮತ್ತೂ ಒಂದೂವರೆ ವರ್ಷ ಹಿಡಿಯಿತು. ಅದಾದ ಮೇಲೆ ಅವನು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದ. ಹೋಗುವ ದಿನ ಎಲ್ಲರಿಗೂ ಪೇಡಾ ಹಂಚಿದ. ಸ್ಟೋರಿನ ಕಿಟಕಿಯ ಮುಂದೆ ಹಾದು ಹೋದ, ನಿಲ್ಲಲಿಲ್ಲ.

ನಾನು ಮಾಸ್ತರರನ್ನು ಹುಡುಕಿಕೊಂಡು ಹೋದೆ. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಶಾಲೆಯ ಹಾಲಿನಲ್ಲಿ ಅವರು ಬೆಳಿಗ್ಗೆ ಕಲಿಸುತ್ತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಲೇನೂ ಇಲ್ಲ. "ಹಿಂದಿನ ಸಾಲಿನಲ್ಲಿ ಜಾಗವಿದೆ," ಎಂದರು. ಹದಿನಾಲ್ಕು ವರ್ಷಗಳ ಕಾಲ ಆ ಹಿಂದಿನ ಸಾಲಿನಲ್ಲೇ ಕೂತೆ. ಸಿಟ್ಟು ಹೋಗಲಿಲ್ಲ. ಬರುವ ಮೊದಲು ದವಡೆ ಬಿಗಿಯುತ್ತದೆ ಎಂಬುದನ್ನು ಕಲಿತೆ. ಕೆಲವು ಸಲ ಆ ಹೊತ್ತಿಗೆ ಬಾಯಿ ಮುಚ್ಚಿಕೊಳ್ಳಲು ಬರುತ್ತದೆ, ಕೆಲವು ಸಲ ಬರುವುದಿಲ್ಲ. ಹೆಂಡತಿ ಮಾತಾಡಲು ಶುರು ಮಾಡಿದಳು, ಮೊದಲು ಬೈಯುವುದಕ್ಕೆ.

ಅವನನ್ನು ಕೊನೆಯದಾಗಿ ಕಂಡದ್ದು ನಾರಾಯಣಗೂಡದ ಬಸ್ ಸ್ಟಾಪಿನಲ್ಲಿ, ಕಾಲೇಜುಗಳಿಗೆ ಸೇರಿಸಿಕೊಳ್ಳುವ ದಿನಗಳಲ್ಲಿ. ಜೊತೆಗೆ ಮಗಳಿದ್ದಳು, ಎದೆಗೆ ಫೈಲು ಒತ್ತಿಕೊಂಡು. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ರಸ್ತೆಯ ಈ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿದ್ದೆ. ನೋಡಿದ, ಗುರುತು ಹಿಡಿದ. ಆ ನೋಟದಲ್ಲಿ ಹಳೆಯದೆಲ್ಲ ಹಾಗೇ ಇತ್ತು. ದಾಟಿ ಹೋಗಿ ಮಾತಾಡಿಸೋಣ ಎಂದು ಒಂದು ಕಾಲು ಕೆಳಗಿಟ್ಟೆ. ಅವನು ಮುಖ ತಿರುಗಿಸಿದ. ಬಸ್ಸು ಬಂತು. "ಹತ್ತವ್ವಾ, ಹಿಂದ ಸೀಟ್ ಅದ ನೋಡು," ಎಂದು ಮಗಳನ್ನು ಹತ್ತಿಸಿ ತಾನೂ ಹತ್ತಿದ.

ಮನೆಗೆ ಬಂದಾಗ ಹೆಂಡತಿ ತಡವಾದುದು ಏಕೆಂದು ಕೇಳಿದಳು. ಬೀದರಿನವನು ಕಂಡಿದ್ದ ಎಂದೆ.

"ಮಾತಾಡಿಸಿದ್ರೇನು?"

"ಇಲ್ಲ."

"ಛಲೋ ಮಾಡಿದ್ರಿ," ಎಂದಳು. "ಕೈ ತೊಳಕೊಂಡ ಬರ್ರಿ, ರೊಟ್ಟಿ ಆರಾಕತ್ತಾವು."